ಪೆನ್‌ಡ್ರೈವಿನಲ್ಲಿ ಬಂದ ಫೈಲ್ ಅಸಲಿಯಾ? ಹ್ಯಾಶ್ ಹೊಂದದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಲ್ಯಾಬಿನ 12 ಹಳೆಯ ಕಂಪ್ಯೂಟರ್‌ಗಳಿಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಬೇಕು ಅಂತ ಹೊರಟಿದ್ದೇವೆ. ಮಳೆ ಹಿಡಿದರೆ ನಮ್ಮಲ್ಲಿ ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಉಬುಂಟು 24.04ರ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಪ್ರತಿ ಇರುವ ಫೈಲ್) ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಜೊತೆಗೆ ಸ್ಟಾಫ್ ರೂಮಿನ ವಿಂಡೋಸ್ ಕಂಪ್ಯೂಟರಿಗೆ ಬೇಕಾದ ನಾಲ್ಕೈದು ಸಾಫ್ಟ್‌ವೇರ್‌ಗಳೂ ಇವೆ. ಅಂಗಡಿಯವರು ಐಎಸ್‌ಒ ಹ್ಯಾಶ್ (ಫೈಲನ್ನು ಲೆಕ್ಕ ಹಾಕಿದಾಗ ಬರುವ ಗುರುತಿನ ಅಕ್ಷರಗಳ ಸಾಲು) ಬರೆದ ಟೆಕ್ಸ್ಟ್ ಫೈಲನ್ನೂ ಕೊಟ್ಟಿದ್ದಾರೆ. ಅದಕ್ಕೆ ನನ್ನ ಫೈಲ್ ಸರಿಯಾಗಿ ಹೊಂದುತ್ತದೆ. ಆದರೆ ಉಬುಂಟು ವೆಬ್‌ಸೈಟಿನಲ್ಲಿ ಇರುವುದಕ್ಕೆ ಹೊಂದುತ್ತಿಲ್ಲ. ವೈರಸ್ ಇದೆಯಾ? ಹ್ಯಾಶ್ ಹೊಂದಿದರೆ ಪೂರ್ತಿ ನಂಬಬಹುದಾ? ಕೆಲವು ಕಡೆ ಎಂಡಿ5 ಅನ್ನುವ ಬಗೆಯ ಹ್ಯಾಶ್ ಮಾತ್ರ ಕೊಟ್ಟಿರುತ್ತಾರೆ, ಅದು ಸಾಕಾ? ಹ್ಯಾಶೇ ಕೊಡದ ಸಾಫ್ಟ್‌ವೇರ್‌ಗೆ ಏನು ಮಾಡಬೇಕು?

ಉತ್ತರ:

ಮೇಡಂ, ವೈರಸ್ ಅಂತ ಈಗಲೇ ಹೆದರಬೇಡಿ. ಆದರೆ ಆ ಐಎಸ್‌ಒ ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿ. ನೀವು ಬರೆದಿದ್ದನ್ನು ನೋಡಿದರೆ ಅಂಗಡಿಯವರು ಹಳೆಯ ಐಎಸ್‌ಒ ಕೊಟ್ಟಿರುವ ಸಾಧ್ಯತೆಯೇ ಜಾಸ್ತಿ.

ಉಬುಂಟು 24.04 ಅಂದರೆ ಒಂದೇ ಫೈಲ್ ಅಲ್ಲ. 2024ರ ಏಪ್ರಿಲ್‌ನಲ್ಲಿ ಬಂದದ್ದು ಮೊದಲನೆಯದು. ಆಮೇಲೆ 24.04.1, 24.04.2 ಅಂತ, ಅಲ್ಲಿಯವರೆಗಿನ ಅಪ್‌ಡೇಟ್‌ಗಳನ್ನು ಸೇರಿಸಿಕೊಂಡ ಹೊಸ ಐಎಸ್‌ಒಗಳು ಬಂದವು. ಪ್ರತಿಯೊಂದರ ಹ್ಯಾಶ್ ಬೇರೆ. ಡೆಸ್ಕ್‌ಟಾಪ್‌ದು ಬೇರೆ, ಸರ್ವರ್‌ದು ಬೇರೆ. ಹೊಸದು ಬಂದಾಗ ಉಬುಂಟುವಿನ ಮುಖ್ಯ ಪುಟದಲ್ಲಿ ಹೊಸದರ ಹ್ಯಾಶ್ ಮಾತ್ರ ಉಳಿಯುತ್ತದೆ. ಹಳೆಯವು 'ಓಲ್ಡ್ ರಿಲೀಸಸ್' ಅಂತ ಉಬುಂಟುವಿನದೇ ಬೇರೆ ಸೈಟಿಗೆ ಹೋಗುತ್ತವೆ. ಅಂಗಡಿಯಲ್ಲಿ ಯಾವತ್ತೋ ಇಳಿಸಿಟ್ಟ ಫೈಲನ್ನೇ ವರ್ಷಗಟ್ಟಲೆ ಎಲ್ಲರಿಗೂ ಕಾಪಿ ಮಾಡಿ ಕೊಡುವುದು ಹೊಸ ವಿಷಯವೇನಲ್ಲ.

ಫೈಲಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಹೆಸರು ಏನೇ ಇಟ್ಟರೂ ಹ್ಯಾಶ್ ಬದಲಾಗುವುದಿಲ್ಲ, ಅದು ಫೈಲಿನ ಒಳಗಿನ ಬೈಟ್‌ಗಳ ಲೆಕ್ಕ ಮಾತ್ರ. ನಿಮ್ಮ ಮೊಬೈಲಿನಲ್ಲೇ ಆ ಹಳೆಯ ಬಿಡುಗಡೆಗಳ ಸೈಟಿಗೆ ಹೋಗಿ. 24.04ರ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಯಿರಿ. ಪ್ರತಿಯೊಂದರಲ್ಲೂ 'ಎಸ್‌ಎಚ್‌ಎ256ಸಮ್ಸ್' ಅಂತ ಒಂದು ಪುಟ್ಟ ಫೈಲ್ ಇರುತ್ತದೆ. ನಿಮ್ಮ ಹ್ಯಾಶ್ ಅಲ್ಲಿ ಎಲ್ಲಾದರೂ ಸಿಕ್ಕಿದರೆ ಫೈಲ್ ಹಳೆಯದು, ಆದರೆ ಅಸಲಿ. ಅದನ್ನೇ ಹಾಕಿ, ನೆಟ್ ಸಿಕ್ಕಾಗ ಅಪ್‌ಡೇಟ್ ಮಾಡಿಕೊಳ್ಳಿ. ಎಲ್ಲೂ ಸಿಗದಿದ್ದರೆ ಆ ಫೈಲ್ ಬೇಡ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಅವರಿಗೂ ಯಾರೋ ಕೊಟ್ಟದ್ದಲ್ವಾ?

ಅಂಗಡಿಯ ಟೆಕ್ಸ್ಟ್ ಫೈಲಿಗೆ ಹೊಂದಿತಲ್ಲ, ಅದರಿಂದ ಗೊತ್ತಾಗಿದ್ದು ಇಷ್ಟೇ: ಅಂಗಡಿಯಲ್ಲಿ ಇದ್ದ ಫೈಲ್ ಹಾಳಾಗದೆ ನಿಮ್ಮ ಪೆನ್‌ಡ್ರೈವಿಗೆ ಬಂದಿದೆ. ಅಂಗಡಿಯಲ್ಲಿ ಇದ್ದದ್ದು ಯಾವುದು ಅನ್ನುವುದನ್ನು ಅದು ಹೇಳುವುದಿಲ್ಲ. ತೋಟದಿಂದ ಕಾಫಿ ಪಾರ್ಚ್‌ಮೆಂಟ್ ಮೂಟೆ ಕ್ಯೂರಿಂಗ್ ವರ್ಕ್ಸ್‌ಗೆ ಹೊರಡುವಾಗ ತೂಕ ಮಾಡಿ ಚೀಟಿ ಬರೆದಿಡುತ್ತಾರೆ. ಅಲ್ಲಿ ಇಳಿಸುವಾಗ ಮತ್ತೆ ತೂಗಿ ತಾಳೆ ನೋಡುತ್ತಾರೆ. ಆ ಚೀಟಿಯನ್ನೂ ಲಾರಿ ಡ್ರೈವರೇ ದಾರಿಯಲ್ಲಿ ಬರೆದುಕೊಂಡು ಬಂದರೆ ತಾಳೆ ನೋಡಿ ಏನು ಪ್ರಯೋಜನ? ಫೈಲ್ ಬಂದ ದಾರಿಯಲ್ಲೇ ಹ್ಯಾಶೂ ಬಂದರೆ ಅದು ಹಾಗೇ.

ಹ್ಯಾಶ್ ವಿಷಯದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನೇ. ಹ್ಯಾಶ್ ಯಾವ ದಾರಿಯಲ್ಲಿ ಬಂತು ಅಂತ ಮೊದಲು ಕೇಳಿ. ಲೆಕ್ಕ ಹಾಕುವುದು ಕಂಪ್ಯೂಟರಿನ ಕೆಲಸ, ಅದು ತಪ್ಪುವುದು ಅಪರೂಪ. ಹ್ಯಾಶ್ ಎಲ್ಲಿಂದ ಬಂತು ಅಂತ ನೋಡುವುದು ಮಾತ್ರ ನಮ್ಮ ಕೆಲಸ.

ನಿಮ್ಮಂಥ ಊರಿನಲ್ಲಿ ಇದರಿಂದ ದೊಡ್ಡ ಅನುಕೂಲವೂ ಇದೆ. ಸುಮಾರು 6 ಜಿಬಿಯ ಐಎಸ್‌ಒ ಮಳೆಗಾಲದಲ್ಲಿ ಇಳಿಸುವುದು ಆಗದ ಮಾತು. ಆದರೆ ಅದರ ಎಸ್‌ಎಚ್‌ಎ 256 ಹ್ಯಾಶ್ ಬರೀ 64 ಅಕ್ಷರ. ಸಿಗ್ನಲ್ ಒಂದು ಕಡ್ಡಿ ಇದ್ದರೂ ಆ ಪುಟ ತೆರೆಯುತ್ತದೆ. ಅದೂ ಇಲ್ಲದಿದ್ದರೆ ಬೆಂಗಳೂರಿನಲ್ಲಿರುವ ತಮ್ಮನಿಗೋ ತಂಗಿಗೋ ಫೋನ್ ಮಾಡಿ, ಸೈಟ್ ನೋಡಿ ಓದಿ ಹೇಳು ಅಂದರೂ ಆಯಿತು. ಭಾರದ ಫೈಲ್ ಯಾರ ಕೈಯಿಂದಲಾದರೂ ಬರಲಿ, ಯಾವ ಅಂಗಡಿಯಿಂದಲಾದರೂ ಬರಲಿ. ಹ್ಯಾಶ್ ಮಾತ್ರ ತಯಾರಿಸಿದವರ ಸೈಟಿನಿಂದ ನೇರವಾಗಿ ನಿಮಗೆ ಬರಬೇಕು.

ಲೆಕ್ಕ ಹೇಗೆ ನಡೆಯುತ್ತದೆ ಅಂತ ಚುಟುಕಾಗಿ ಹೇಳುತ್ತೇನೆ. ಫೈಲ್ ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ 256 ಅದನ್ನು ತುಂಡು ತುಂಡಾಗಿ ಅರೆದು ಕೊನೆಗೆ 256 ಬಿಟ್‌ಗಳ ಒಂದು ಸಂಖ್ಯೆ ಕೊಡುತ್ತದೆ. ಅದನ್ನು 0ಯಿಂದ 9 ಮತ್ತು ಎಯಿಂದ ಎಫ್‌ವರೆಗಿನ ಅಕ್ಷರಗಳಲ್ಲಿ ಬರೆದರೆ 64 ಸ್ಥಾನ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಉತ್ತರದ ಹೆಚ್ಚುಕಮ್ಮಿ ಅರ್ಧ ಬಿಟ್‌ಗಳು ಅಡಿಮೇಲಾಗುತ್ತವೆ. ಹಾಗಾಗಿ 'ಸ್ವಲ್ಪ ಹೊಂದಿದೆ' ಅನ್ನುವುದು ಇಲ್ಲಿ ಇಲ್ಲ. ಪೂರ್ತಿ ಹೊಂದಬೇಕು, ಇಲ್ಲ ಅಂದರೆ ಇಲ್ಲ.

ತಾಳೆ ನೋಡುವಾಗ ತುಂಬಾ ಜನ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಬಿಡುತ್ತಾರೆ. ಕಾಪಿ ಮಾಡುವಾಗ ಹಾಳಾದ ಫೈಲನ್ನು ಹಿಡಿಯಲು ಅದು ಸಾಕು. ಬೇಕಂತಲೇ ಮೋಸ ಮಾಡುವವರನ್ನು ಹಿಡಿಯಲು ಸಾಲದು. ಎಂಟು ಅಕ್ಷರ ಹೊಂದಿಸಲು ಸರಾಸರಿ ಸುಮಾರು 430 ಕೋಟಿ ಸಲ ಪ್ರಯತ್ನಿಸಬೇಕು. ಕೇಳಲು ದೊಡ್ಡದು, ಆದರೆ ಈಗಿನ ಸಾಧಾರಣ ಕಂಪ್ಯೂಟರಿಗೂ ಅದು ಅಂಥ ಭಾರದ ಕೆಲಸವಲ್ಲ. ಅದಕ್ಕೇ ಕಣ್ಣಿನಿಂದ ಹೋಲಿಸುವುದನ್ನೇ ಬಿಟ್ಟುಬಿಡಿ. ನಿಮ್ಮ ಫೈಲಿನಿಂದ ನೀವೇ ತೆಗೆದ ಹ್ಯಾಶನ್ನು ಕಾಪಿ ಮಾಡಿ, ಬ್ರೌಸರಿನಲ್ಲಿ ಉಬುಂಟುವಿನ ಹ್ಯಾಶ್ ಪುಟ ತೆರೆದು, ಕಂಟ್ರೋಲ್ ಮತ್ತು ಎಫ್ ಒತ್ತಿ ಅಲ್ಲಿ ಪೇಸ್ಟ್ ಮಾಡಿ. ಸಿಕ್ಕಿದರೆ ಬಣ್ಣ ಬಂದು ಎದ್ದು ಕಾಣುತ್ತದೆ. ಯಾವ ಫೈಲಿನ ಸಾಲಿನಲ್ಲಿ ಸಿಕ್ಕಿತು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಹ್ಯಾಶ್ ತೆಗೆಯಲು ವಿಂಡೋಸ್‌ನಲ್ಲಿ ಸೆವೆನ್ ಜಿಪ್ ಇದ್ದರೆ ಎಲ್ಲಕ್ಕಿಂತ ಸುಲಭ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಸಿಆರ್‌ಸಿ ಎಸ್‌ಎಚ್‌ಎ' ಮೆನುವಿನಲ್ಲಿ 256 ಆರಿಸಿ. ಅದಿಲ್ಲದಿದ್ದರೆ ಪವರ್‌ಶೆಲ್‌ನ 'ಗೆಟ್-ಫೈಲ್‌ಹ್ಯಾಶ್' ಇದೆ, ಏನೂ ಹೇಳದಿದ್ದರೆ ಅದು ಎಸ್‌ಎಚ್‌ಎ 256 ಅನ್ನೇ ಕೊಡುತ್ತದೆ. ಲಿನಕ್ಸ್‌ನಲ್ಲಿ 'ಎಸ್‌ಎಚ್‌ಎ256ಸಮ್' ಆಜ್ಞೆ ಮೊದಲೇ ಇರುತ್ತದೆ. ಇದಕ್ಕಾಗಿ ಯಾವುದೋ ಸೈಟಿನಿಂದ 'ಹ್ಯಾಶ್ ಚೆಕರ್' ಇಳಿಸಿಕೊಳ್ಳಬೇಡಿ. ಆಮೇಲೆ ಆ ಚೆಕರ್ ಅಸಲಿಯಾ ಅಂತ ಯಾರನ್ನು ಕೇಳುತ್ತೀರಿ?

ಈಗ, ಹಳೆಯ ಐಎಸ್‌ಒ ಅಲ್ಲದೆ ಬೇರೆ ಕಾರಣಕ್ಕೂ ಹ್ಯಾಶ್ ತಪ್ಪುತ್ತದೆ. ಮುಂದೆ ನಿಮಗೆ ಇದು ಬೇಕಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ನೋಡುವ ಕೇಸುಗಳಲ್ಲಿ ಬಹುಪಾಲು ವೈರಸ್‌ಗೆ ಸಂಬಂಧವೇ ಇರುವುದಿಲ್ಲ.

ಮೊದಲು ಫೈಲಿನ ಗಾತ್ರ ನೋಡಿ. ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಕೆಲವೇ ಕೆಬಿ ಇದ್ದರೆ ಅದು ಸಾಫ್ಟ್‌ವೇರೇ ಅಲ್ಲ. ಹೋಟೆಲ್, ಬಸ್ ಸ್ಟ್ಯಾಂಡ್ ವೈಫೈಗಳಲ್ಲಿ ಮೊದಲು ಫೋನ್ ನಂಬರ್ ಕೇಳುವ ಪುಟ ಬರುತ್ತದಲ್ಲ, ಆ ಪುಟವೇ ನಿಮ್ಮ ಫೈಲಿನ ಹೆಸರಿನಲ್ಲಿ ಸೇವ್ ಆಗಿ ಕೂತಿರುತ್ತದೆ. ಹ್ಯಾಶ್ 'ಇ3ಬಿ0ಸಿ442' ಅಂತ ಶುರುವಾದರೆ ಇನ್ನೂ ಮಜಾ. ಅದು ಖಾಲಿ ಫೈಲಿನ ಎಸ್‌ಎಚ್‌ಎ 256. ಒಳಗೆ ಒಂದು ಬೈಟೂ ಇಲ್ಲ ಅಂತ ಅರ್ಥ. ಈ ಕೆಲಸ ಮಾಡುವವರಿಗೆ ಆ ಅಕ್ಷರಗಳು ಬಾಯಿಪಾಠ ಆಗಿರುತ್ತವೆ.

ಗಾತ್ರ ಸರಿಯಾಗಿದ್ದೂ ಹ್ಯಾಶ್ ತಪ್ಪಿದರೆ, ಅದೇ ಫೈಲಿನ ಹ್ಯಾಶನ್ನು ಇನ್ನೊಂದು ಸಲ ತೆಗೆಯಿರಿ. ಆದರೆ ಮಧ್ಯದಲ್ಲಿ ಪೆನ್‌ಡ್ರೈವನ್ನು ಸರಿಯಾಗಿ ಇಜೆಕ್ಟ್ ಮಾಡಿ, ತೆಗೆದು ಮತ್ತೆ ಚುಚ್ಚಿ. ಇಲ್ಲದಿದ್ದರೆ ಕಂಪ್ಯೂಟರ್ ಮೊದಲ ಸಲ ಓದಿದ್ದನ್ನೇ ರ‍್ಯಾಮಿನಿಂದ ತೆಗೆದು ತೋರಿಸಿಬಿಡಬಹುದು. ಎರಡು ಸಲಕ್ಕೆ ಎರಡು ಬೇರೆ ಹ್ಯಾಶ್ ಬಂದರೆ ತಪ್ಪು ಫೈಲಿನದಲ್ಲ. ಪೆನ್‌ಡ್ರೈವೋ, ಯುಎಸ್‌ಬಿ ಪೋರ್ಟೋ, ರ‍್ಯಾಮೋ ಕೈಕೊಡುತ್ತಿದೆ. ಹಳೆಯ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ರ‍್ಯಾಮಿನ ಮೇಲೆ ನನಗೆ ಅನುಮಾನ ಜಾಸ್ತಿ. ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ನೋಡಿ.

ಇನ್ನೊಂದು ಕಾಟ ಅಗ್ಗದ ಪೆನ್‌ಡ್ರೈವ್‌ಗಳದ್ದು. ಮೇಲೆ 64 ಜಿಬಿ ಅಂತ ಬರೆದಿರುತ್ತದೆ, ಕಂಪ್ಯೂಟರಿಗೂ ಹಾಗೇ ಹೇಳುತ್ತದೆ, ಒಳಗೆ ಇರುವುದು 8 ಜಿಬಿ. ಕಾಪಿ ಮಾಡುವಾಗ ಯಾವ ಎರರ್ರೂ ಬರುವುದಿಲ್ಲ. ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗಿರುತ್ತದೆ. ಗಾತ್ರ ಸರಿ ಕಾಣುತ್ತದೆ, ಹ್ಯಾಶ್ ಮಾತ್ರ ತಪ್ಪುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಸಣ್ಣ ಸಾಫ್ಟ್‌ವೇರ್‌ಗಳು ಇಂಥವನ್ನು ಹಿಡಿದುಕೊಡುತ್ತವೆ.

ಒಂದು ಎಚ್ಚರಿಕೆ. ಐಎಸ್‌ಒ ಫೈಲಿನ ಹ್ಯಾಶ್ ತೆಗೆಯಬೇಕು. ರೂಫಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಮಾಡಿದ ಮೇಲೆ ಆ ಪೆನ್‌ಡ್ರೈವಿನ ಹ್ಯಾಶ್ ತೆಗೆದರೆ ಹೊಂದುವುದಿಲ್ಲ. ರೂಫಸ್ ಐಎಸ್‌ಒ ಬಿಚ್ಚಿ ಒಳಗಿನ ಫೈಲ್‌ಗಳನ್ನು ಬೇರೆ ರೀತಿ ಜೋಡಿಸಿರುತ್ತದೆ. ಅದಕ್ಕೆ ಗಾಬರಿ ಬೇಡ. ಉಬುಂಟು 20.04ರಿಂದ ಈಚೆಗೆ ಡೆಸ್ಕ್‌ಟಾಪ್ ಐಎಸ್‌ಒ ಬೂಟ್ ಆಗುವಾಗಲೇ ತನ್ನ ಫೈಲ್‌ಗಳನ್ನು ತಾನೇ ತಾಳೆ ನೋಡಿಕೊಳ್ಳುತ್ತದೆ.

ಅದು ತಾಳೆ ನೋಡುವುದು ಎಂಡಿ5ನಲ್ಲಿ. ನಿಮ್ಮ ಮೂರನೆಯ ಪ್ರಶ್ನೆಗೆ ಇಲ್ಲಿಂದಲೇ ಬರೋಣ. ಎಂಡಿ5 ಕೊಡುವುದು 32 ಅಕ್ಷರ. ರಾನ್ ರಿವೆಸ್ಟ್ 1991ರಲ್ಲಿ ಮಾಡಿದ್ದು. 2004ರಲ್ಲಿ ಚೀನಾದ ಶ್ಯಾವ್‌ಯುನ್ ವಾಂಗ್ ಮತ್ತು ಜೊತೆಗಾರರು ಎರಡು ಬೇರೆ ದತ್ತಾಂಶಗಳಿಗೆ ಒಂದೇ ಎಂಡಿ5 ಬರುವ ಹಾಗೆ ಮಾಡಿ ತೋರಿಸಿದರು. 2012ರಲ್ಲಿ ಸಿಕ್ಕಿಬಿದ್ದ ಫ್ಲೇಮ್ ಅನ್ನುವ ಮಾಲ್‌ವೇರ್ ಇದೇ ದಾರಿಯಲ್ಲಿ ಮೈಕ್ರೋಸಾಫ್ಟ್‌ನ ನಕಲಿ ಸರ್ಟಿಫಿಕೇಟ್ ಮಾಡಿಕೊಂಡಿತ್ತು. 40 ಅಕ್ಷರದ ಎಸ್‌ಎಚ್‌ಎ 1ರ ಕಥೆಯೂ ಮುಗಿಯಿತು. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆಯವರು ಒಂದೇ ಎಸ್‌ಎಚ್‌ಎ 1 ಇರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಎಲ್ಲರ ಮುಂದಿಟ್ಟರು.

ಹಾಗಂತ ಎಂಡಿ5 ಪೂರ್ತಿ ಕಸ ಅಂತ ನಾನು ಹೇಳುವುದಿಲ್ಲ. ಕಾಪಿ ಮಾಡುವಾಗ ಫೈಲ್ ಹಾಳಾಯಿತಾ ಅಂತ ನೋಡಲು ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೇರೆಯವರು ಮೊದಲೇ ಪ್ರಕಟಿಸಿದ ಫೈಲಿನ ಎಂಡಿ5ಗೆ ಹೊಂದುವ ಇನ್ನೊಂದು ಫೈಲ್ ತಯಾರಿಸುವುದು ಇವತ್ತಿಗೂ ಯಾರ ಕೈಯಲ್ಲೂ ಆಗಿಲ್ಲ. ತೊಂದರೆ ಎಲ್ಲಿ ಅಂದರೆ, ಒಳ್ಳೆಯ ಫೈಲ್ ಒಂದು, ಕೆಟ್ಟ ಫೈಲ್ ಒಂದು, ಎರಡನ್ನೂ ಒಬ್ಬನೇ ಮಾಡುವಾಗ ಎಂಡಿ5 ಒಂದೇ ಬರುವ ಹಾಗೆ ಸುಲಭವಾಗಿ ಮಾಡಬಹುದು. ಹಾಗಾಗಿ ಎರಡೂ ಕೊಟ್ಟಿದ್ದರೆ ಎಸ್‌ಎಚ್‌ಎ 256 ನೋಡಿ. ಎಂಡಿ5 ಮಾತ್ರ ಇದ್ದರೆ ಡೌನ್‌ಲೋಡ್ ಹಾಳಾಗಿಲ್ಲ ಅಂತ ತಿಳಿಯಲು ಬಳಸಿ, ಅದಕ್ಕಿಂತ ಜಾಸ್ತಿ ನಂಬಬೇಡಿ.

ಇನ್ನು, ಹ್ಯಾಶ್ ಹೊಂದಿದರೆ ಪೂರ್ತಿ ನಂಬಬಹುದಾ ಅಂತ ಕೇಳಿದ್ದೀರಿ. ಇಲ್ಲ. ಎರಡು ಕಡೆ ಏಟು ಬೀಳಬಹುದು.

ಮೊದಲನೆಯದು, ಹ್ಯಾಶ್ ಇರುವ ಸೈಟಿಗೇ ಕಳ್ಳರು ನುಗ್ಗಬಹುದು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ಗೆ ಆದದ್ದು ಅದೇ. ಸೈಟನ್ನು ಹ್ಯಾಕ್ ಮಾಡಿ 17.3 ಸಿನಮನ್ ಐಎಸ್‌ಒದ ಲಿಂಕನ್ನು ತಿರುಗಿಸಿ, ಕಳ್ಳದಾರಿ ಇಟ್ಟ ಐಎಸ್‌ಒ ಸಿಗುವ ಹಾಗೆ ಮಾಡಿದ್ದರು. ಸೈಟೇ ಅವರ ಕೈಯಲ್ಲಿದ್ದಾಗ ಅದೇ ಪುಟದ ಹ್ಯಾಶ್ ಬದಲಾಯಿಸುವುದು ಎಷ್ಟರ ಕೆಲಸ? ಇದಕ್ಕೆ ಮದ್ದು ಡಿಜಿಟಲ್ ಸಹಿ. ಉಬುಂಟು ತನ್ನ ಹ್ಯಾಶ್ ಪಟ್ಟಿಯ ಪಕ್ಕದಲ್ಲೇ ಅದಕ್ಕೆ ಜಿಪಿಜಿ ಅನ್ನುವ ಸಾಫ್ಟ್‌ವೇರಿನಿಂದ ಹಾಕಿದ ಸಹಿಯ ಫೈಲನ್ನೂ ಇಡುತ್ತದೆ. ಸಹಿ ಹಾಕುವ ಗುಟ್ಟಿನ ಕೀ ವೆಬ್‌ಸೈಟಿನಲ್ಲಿ ಇರುವುದಿಲ್ಲ, ಹಾಗಾಗಿ ಸೈಟಿಗೆ ನುಗ್ಗಿದವರಿಗೆ ಅದು ಸಿಗುವುದಿಲ್ಲ. ನಿಮ್ಮ ಒಂದು ಲ್ಯಾಬಿಗೆ ಜಿಪಿಜಿವರೆಗೆ ಹೋಗಲೇಬೇಕಾ? ನನ್ನ ಪ್ರಕಾರ ಬೇಡ. ಸ್ವಂತ ಫೋನಿನಲ್ಲಿ, ವಿಳಾಸ ನೀವೇ ಟೈಪ್ ಮಾಡಿ ತೆರೆದ ಎಚ್‌ಟಿಟಿಪಿಎಸ್ ಪುಟದ ಹ್ಯಾಶ್ ಸಾಕು. ತಾಲ್ಲೂಕಿನ ಎಲ್ಲ ಶಾಲೆಗಳಿಗೆ ನೀವೇ ಕಾಪಿ ಮಾಡಿ ಹಂಚುವುದಾದರೆ ಮಾತ್ರ ಅರ್ಧ ದಿನ ಕೂತು ಜಿಪಿಜಿ ಕಲಿಯಿರಿ.

ಎರಡನೆಯದು ಇನ್ನೂ ಕಷ್ಟದ್ದು. ತಯಾರಿಸುವ ಮನೆಯೊಳಗೇ ವಿಷ ಸೇರಿದರೆ ಹ್ಯಾಶ್ ಏನೂ ಮಾಡಲಾರದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನುವ ಕಂಪ್ರೆಷನ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಸಿಕ್ಕಿತು. ಬಹಳ ಕಾಲ ನಂಬಿಕೆ ಗಳಿಸಿ ಆ ಯೋಜನೆಯ ಉಸ್ತುವಾರಿಗೇ ಬಂದವರ ಹೆಸರಿನಲ್ಲೇ ಅದು ಒಳಗೆ ಸೇರಿತ್ತು. ಹ್ಯಾಶ್ ಸರಿ, ಸಹಿಯೂ ಸರಿ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಯಾಕೋ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಅದನ್ನು ಹಿಡಿದರು. 'ಇದು ಅವರು ಕೊಟ್ಟ ಫೈಲೇ' ಅನ್ನುವುದಷ್ಟೇ ಹ್ಯಾಶ್ ಕೊಡುವ ಭರವಸೆ. ಅವರು ಕೊಟ್ಟದ್ದು ಒಳ್ಳೆಯದಾ ಅನ್ನುವುದು ಬೇರೆ ಪ್ರಶ್ನೆ.

ಹ್ಯಾಶ್ ಕೊಡದ ಸಾಫ್ಟ್‌ವೇರ್‌ಗಳ ವಿಷಯ. ವಿಎಲ್‌ಸಿ, ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಇವೆಲ್ಲ ಹ್ಯಾಶ್ ಕೊಡುತ್ತವೆ, ಸ್ವಲ್ಪ ಹುಡುಕಬೇಕು ಅಷ್ಟೇ. ಕೊಡದಿದ್ದವಕ್ಕೆ ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. 'ಡಿಜಿಟಲ್ ಸಿಗ್ನೇಚರ್ಸ್' ಅನ್ನುವ ಟ್ಯಾಬ್ ಇದ್ದರೆ ಒಳಗೆ ಹೋಗಿ, ಯಾರ ಹೆಸರಿದೆ, ಸಹಿ ಸರಿಯಿದೆ ಅಂತ ಹೇಳುತ್ತದಾ ನೋಡಿ. ಹೆಸರು ಕಂಪನಿಯದೇ ಇರಬೇಕು. ಟ್ಯಾಬ್ ಇಲ್ಲದಿದ್ದರೆ ಕೂಡಲೇ ಮೋಸ ಅಂತಲ್ಲ, ಎಷ್ಟೋ ಸಣ್ಣ ಸಾಫ್ಟ್‌ವೇರ್‌ಗಳಿಗೆ ಸಹಿ ಇರುವುದಿಲ್ಲ. ಆಗ ಫೈಲಿನ ಎಸ್‌ಎಚ್‌ಎ 256 ತೆಗೆದು ವೈರಸ್‌ಟೋಟಲ್ ಸೈಟಿನ ಹುಡುಕುವ ಜಾಗದಲ್ಲಿ ಹಾಕಿ. ಫೈಲನ್ನು ಕಳಿಸಬೇಕಾಗಿಲ್ಲ, 64 ಅಕ್ಷರ ಸಾಕು. ಬೇರೆ ಯಾರಾದರೂ ಅದೇ ಫೈಲನ್ನು ಮೊದಲೇ ಹಾಕಿದ್ದರೆ ಹತ್ತಾರು ಆಂಟಿವೈರಸ್‌ಗಳು ಏನು ಹೇಳಿದವು ಅಂತ ತೋರಿಸುತ್ತದೆ. 'ಸಿಗಲಿಲ್ಲ' ಅಂತ ಬಂದರೆ ಅದನ್ನು ಒಳ್ಳೆಯ ಸುದ್ದಿ ಅಂದುಕೊಳ್ಳಬೇಡಿ. ಲಕ್ಷಾಂತರ ಜನ ಬಳಸುವ ಸಾಫ್ಟ್‌ವೇರಿನ ಇನ್‌ಸ್ಟಾಲರ್ ಅಲ್ಲಿ ಇಲ್ಲ ಅಂದರೆ ನಿಮ್ಮ ಕೈಯಲ್ಲಿರುವುದನ್ನು ಯಾರೋ ತಿದ್ದಿದ್ದಾರೆ ಅಂತಲೇ ಅನುಮಾನ ಪಡಬೇಕು.

ಅಂಗಡಿಯವರು ಪ್ರೀತಿಯಿಂದ 'ಆಕ್ಟಿವೇಟ್ ಆಗಿರುವ' ವಿಂಡೋಸನ್ನೂ ಕೊಟ್ಟಿದ್ದರೆ ಅದಕ್ಕೆ ಹ್ಯಾಶ್ ನೋಡುವ ಕಷ್ಟ ತೆಗೆದುಕೊಳ್ಳಬೇಡಿ. ತಿದ್ದಿದ್ದೇವೆ ಅಂತ ಅವರೇ ಒಪ್ಪಿಕೊಂಡ ಫೈಲ್ ಅದು. ಅಳಿಸಿಬಿಡಿ.

ಉಬುಂಟು ಹಾಕಿಯಾದ ಮೇಲೆ ಈ ತಲೆನೋವು ಬಹಳ ಕಡಿಮೆ ಆಗುತ್ತದೆ. ಉಬುಂಟುವಿನದೇ ಆದ ಎಪಿಟಿ ಅನ್ನುವ ಸಾಧನದ ಮೂಲಕ ಸಾಫ್ಟ್‌ವೇರ್ ಹಾಕಿದರೆ ತಾಳೆ ನೋಡುವ ಕೆಲಸವನ್ನು ಅದೇ ಮಾಡುತ್ತದೆ. ಸಹಿ ಇರುವ ಒಂದು ಪಟ್ಟಿ, ಅದರಲ್ಲಿ ಪ್ಯಾಕೇಜ್ ಪಟ್ಟಿಗಳ ಹ್ಯಾಶ್, ಆ ಪಟ್ಟಿಗಳಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್. ಒಂದು ಕೊಂಡಿ ತಪ್ಪಿದರೂ ಅದು ಮುಂದೆ ಹೋಗುವುದಿಲ್ಲ. ಮಳೆಗಾಲದ ನೆಟ್‌ನಲ್ಲಿ ನಿಮಗೆ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಅನ್ನುವ ಎರರ್ ಬರಬಹುದು. ಅದು ಸಾಮಾನ್ಯವಾಗಿ ದಾಳಿ ಅಲ್ಲ. ಸರ್ವರಿನಲ್ಲಿ ಪಟ್ಟಿ ಬದಲಾಗುತ್ತಿರುವಾಗ ನೀವು ಕೇಳಿದ್ದೀರಿ, ಇಲ್ಲವೇ ಮಧ್ಯದಲ್ಲಿ ಯಾವುದೋ ಪ್ರಾಕ್ಸಿ ಹಳೆಯದನ್ನು ಕೊಟ್ಟಿದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ಅಪ್‌ಡೇಟ್ ಕೊಡಿ. ಆ ಎರರ್ ದಾಟಿ ಹೋಗಲು ಇಂಟರ್‌ನೆಟ್‌ನಲ್ಲಿ ಸಿಗುವ 'ಚೆಕ್ ಮಾಡಬೇಡ' ಅನ್ನುವ ಉಪಾಯಗಳನ್ನು ಮಾತ್ರ ಬಳಸಬೇಡಿ.

ಆದರೆ ಬೇರೆ ಎಲ್ಲಿಂದಲೋ ತಂದ ಡೆಬ್ ಫೈಲನ್ನು (ಉಬುಂಟುವಿನ ಸಾಫ್ಟ್‌ವೇರ್ ಪ್ಯಾಕೇಜ್) ಡಿಪಿಕೆಜಿ ಆಜ್ಞೆಯಿಂದ ನೇರವಾಗಿ ಹಾಕಿದರೆ ಈ ಕಾವಲು ಇರುವುದಿಲ್ಲ. ಡಿಪಿಕೆಜಿ ಸುಮ್ನೆ ಹಾಕಿಬಿಡುತ್ತದೆ. ನಿಮ್ಮ ಲ್ಯಾಬಿನಲ್ಲಿ 12 ಕಂಪ್ಯೂಟರಿಗೂ ಒಂದೊಂದಾಗಿ ಇಳಿಸುವಷ್ಟು ನೆಟ್ ಇಲ್ಲ, ಪೆನ್‌ಡ್ರೈವಿನಲ್ಲೇ ಡೆಬ್ ಫೈಲ್‌ಗಳು ಓಡಾಡುತ್ತವೆ. ಅದಕ್ಕೆ ಹೀಗೆ ಮಾಡಿ. ನೆಟ್ ಇರುವ ಒಂದು ಉಬುಂಟು ಕಂಪ್ಯೂಟರಿನಲ್ಲಿ ಎಪಿಟಿ ಮೂಲಕವೇ ಬೇಕಾದ ಡೆಬ್‌ಗಳನ್ನು ಇಳಿಸಿ, ಒಂದು ಫೋಲ್ಡರಿಗೆ ಹಾಕಿ. ಅಲ್ಲೇ ಎಸ್‌ಎಚ್‌ಎ256ಸಮ್ ಓಡಿಸಿ ಎಲ್ಲದರ ಹ್ಯಾಶ್ ಪಟ್ಟಿಯನ್ನು ಒಂದು ಫೈಲಿಗೆ ಬರೆಸಿ. ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಇಡಬೇಡಿ, ನಿಮ್ಮ ಮೇಲ್‌ಗೆ ಕಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಲ್ಯಾಬಿಗೆ ಬಂದು ಮೊದಲ ಕಂಪ್ಯೂಟರಿಗೆ ಫೋನಿನಿಂದ ಪಟ್ಟಿ ಹಾಕಿ, ಪೆನ್‌ಡ್ರೈವಿನ ಫೋಲ್ಡರಿನಲ್ಲಿ ಅದೇ ಆಜ್ಞೆಯನ್ನು 'ಮೈನಸ್ ಸಿ' ಸೇರಿಸಿ ಓಡಿಸಿ. ಪ್ರತಿ ಫೈಲಿನ ಮುಂದೆ 'ಓಕೆ' ಅಥವಾ 'ಫೇಲ್ಡ್' ಅಂತ ಬರುತ್ತದೆ. 'ಫೇಲ್ಡ್' ಬಂದ ಫೈಲ್‌ಗಳನ್ನು ಮಾತ್ರ ಮತ್ತೆ ಕಾಪಿ ಮಾಡಿ. ಅವೇ ಫೈಲ್‌ಗಳು ಎರಡನೇ ಸಲವೂ ಕೈಕೊಟ್ಟರೆ ಪೆನ್‌ಡ್ರೈವ್ ಬದಲಾಯಿಸಿ.